ಯಾಕೆ ಅಂತ ಕೇಳದ ಊರಿನಿಂದ ಸಿಂಚನಜ್ಜಿಗೆ

ಇಸವಿ ೨೧೮೪, ಕಾವುತಿಂಗಳ ಕೊನೆಯ ಭಾನುವಾರ
ಗದಗ, ನೆಲಮನೆ

ಪೂಜ್ಯ ಸಿಂಚನಜ್ಜಿಯವರಿಗೆ, ಈ ಮನೆಗೆ ಹೊಸದಾಗಿ ಬಂದ ಸೊಸೆ ಶಾಂಭವಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹನ್ನೆರಡೇ ತಿಂಗಳು ಎಂದು ನನಗೆ ಗೊತ್ತು. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ನಡುವೆ ಇನ್ನೊಂದು ತಿಂಗಳಿದೆ. ಬಿಸಿಲು ತಡೆಯಲಾಗದೆ, ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಕೂಡಿಸಿ ಮಾಡಿದ ತಿಂಗಳು ಅದು. ಆಗ ಶಾಲೆ, ಕಚೇರಿ, ಸಂತೆ ಎಲ್ಲ ಬಂದ್. ಊರಿಗೆ ಊರೇ ನೆಲದ ಅಡಿಯ ಮನೆಗೆ ಇಳಿದಿರುತ್ತದೆ. ಮೇಲೆ ಗುಡ್ಡದ ಗಾಳಿಯಂತ್ರಗಳು ಮಾತ್ರ ತಿರುಗುತ್ತಿರುತ್ತವೆ. ನನ್ನ ಕೆಲವು ಪದಗಳೂ ನಿಮಗೆ ಈ ತಿಂಗಳಿನ ಹಾಗೆ ವಿಚಿತ್ರವಾಗಿ ಕಾಣಬಹುದು, ದಯವಿಟ್ಟು ಕ್ಷಮಿಸಿ. ನಾನು ಓದಿದ್ದು ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಕನ್ನಡ ಬರೆಯುವುದನ್ನು ಅಮ್ಮ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದಳು. ತಪ್ಪಿದ್ದರೆ ಅದು ನನ್ನದು, ಚೆನ್ನಾಗಿದ್ದರೆ ಅದು ಅಮ್ಮನದು.

ನಿಮಗೆ ಈಗ ಹದಿನಾರು ವರ್ಷ, ನನಗೆ ಇಪ್ಪತ್ಮೂರು. ಆದರೂ ನೀವು ನನ್ನ ಗಂಡನ ಮನೆತನದಲ್ಲಿ ಆರು ತಲೆಮಾರು ಹಿಂದಿನ ಮಗಳು, ಹಾಗಾಗಿ ಅಜ್ಜಿ! ನಿಮಗೆ ನಾನು ಬರೆಯುತ್ತಿರುವ ಈ ಪತ್ರಕ್ಕೆ ಹಿಂದೋಲೆ ಎನ್ನುತ್ತಾರೆ. ಮದುವೆಯಾದ ವರ್ಷದ ಕಾವುತಿಂಗಳಲ್ಲಿ ಹೊಸ ಸೊಸೆ ಆ ಮನೆಯ ಹಳೆಯ ಮಗಳೊಬ್ಬಳಿಗೆ, ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ವಯಸ್ಸಿಗೆ, ಒಂದು ಓಲೆ ಬರೆಯಬೇಕು. ಅತ್ತೆ ಅದನ್ನು ಓದಿ, ಮಣ್ಣಿನ ಕುಡಿಕೆಯಲ್ಲಿಟ್ಟು, ಅರಗು ಸುರಿದು ಬಾಯಿ ಮುಚ್ಚುತ್ತಾರೆ. ಅರಗು ಬಿದ್ದ ಗಳಿಗೆಯಿಂದ ಸೊಸೆ ಮನೆಯವಳು. ಅಲ್ಲಿಯವರೆಗೆ ಅವಳು ನೆಂಟರ ಪೈಕಿ. ಓಲೆ ನಿಜವಾಗಿ ನಿಮ್ಮನ್ನು ಮುಟ್ಟುತ್ತದೆಯೋ ಇಲ್ಲವೋ ಎಂದು ದೊಡ್ಡವರು ವಾದ ಮಾಡುತ್ತಾರೆ. ನನಗಂತೂ ಪೂರ್ತಿ ನಂಬಿಕೆ. ಈಗ ನನಗೆ ಎಲ್ಲದರ ಮೇಲೂ ನಂಬಿಕೆ, ಮದುವೆ ಹೊಸದಲ್ಲವೇ! ನನ್ನ ಗಂಡನ ಹೆಸರು ಗುರುಪಾದ. ಗುರುಪಾದ, ಗುರುಪಾದ. ಬೇಕೆಂದೇ ಮತ್ತೆ ಬರೆದೆ, ಬರೆಯಲು ಅಷ್ಟು ಚೆಂದದ ಹೆಸರು.

ಸಾಮಾನ್ಯವಾಗಿ ಹಿಂದೋಲೆಯಲ್ಲಿ "ನಿಮ್ಮ ಆಶೀರ್ವಾದದಿಂದ ನಾವೆಲ್ಲ ಕ್ಷೇಮ, ಜೋಳ ಚೆನ್ನಾಗಿ ಬಂದಿದೆ, ನೀರಿಗೆ ತೊಂದರೆಯಿಲ್ಲ" ಎಂದು ಬರೆದು ಮುಗಿಸುತ್ತಾರೆ. ನಾನೂ ಹಾಗೇ ಬರೆಯಲು ಕೂತಿದ್ದೆ. ಆದರೆ ನನಗೆ ಸಿಟ್ಟು ಬಂದಿದೆ. ಎಷ್ಟು ಸಿಟ್ಟೆಂದರೆ ನನ್ನ ಕೈಯ ದಾರ ಕೆಂಪಗೆ ಕೆಂಡದ ಹಾಗೆ ಆಗಿ, ಅದನ್ನು ನೋಡಿದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ಹೋಗುತ್ತಿದ್ದಾರೆ. ಯಾರೂ ನಿಂತು "ಯಾಕೆ?" ಎಂದು ಕೇಳುತ್ತಿಲ್ಲ. ನನ್ನ ಸಿಟ್ಟು ಅದಕ್ಕೇ, ಅಜ್ಜಿ.

ಮೊದಲು ದಾರದ ವಿಷಯ ಹೇಳಬೇಕು. ತೊಟ್ಟಿಲ ಶಾಸ್ತ್ರದ ದಿನ ನಮ್ಮಲ್ಲಿ ಮಗುವಿನ ಬಲಗೈಗೆ ಒಂದು ಮನದಾರ ಕಟ್ಟುತ್ತಾರೆ. ಬೆಟಗೇರಿಯ ಮಗ್ಗದಲ್ಲಿ ನೇಯ್ದದ್ದು. ಮೈಯ ಬಿಸಿ, ನಾಡಿ, ಬೆವರು ಎಲ್ಲವನ್ನೂ ತಿಳಿದು ಅದು ಬಣ್ಣ ಬದಲಿಸುತ್ತದೆ. ಸಿಟ್ಟಿಗೆ ಕೆಂಪು, ಹೆದರಿಕೆಗೆ ಬೂದಿ, ಹಸಿವಿಗೆ ಹಳದಿ, ಖುಷಿಗೆ ಕೇಸರಿ, ಮನಸ್ಸು ಕುಗ್ಗಿದರೆ ಕಪ್ಪು. ಮೊದಮೊದಲು ಮಾತು ಬಾರದ ಕೂಸುಗಳಿಗೆ, ಹಾಸಿಗೆ ಹಿಡಿದವರಿಗೆ ಎಂದು ಮಾಡಿದ್ದಂತೆ. ಎಂಥ ಒಳ್ಳೆಯ ವಿಚಾರ! ಆಮೇಲೆ ಎಲ್ಲರೂ ಕಟ್ಟಿಕೊಂಡರು. ಈಗ ದಾರಿಯಲ್ಲಿ ಇಬ್ಬರು ಎದುರಾದರೆ ನಮಸ್ಕಾರದ ಬದಲು ಮಣಿಕಟ್ಟು ತೋರಿಸಿ ಮುಂದೆ ಹೋಗುತ್ತಾರೆ. ನಿಮ್ಮ ಕಾಲದಲ್ಲಿ ಗುರುತಿನವರು ಸಿಕ್ಕರೆ "ಊಟ ಆತೇನ?" ಎಂದು ಕೇಳುತ್ತಿದ್ದರಂತೆ. ಈ ಮನೆಯಲ್ಲಿ ನಿಮ್ಮ ನೆನಪೆಂದು ಉಳಿದದ್ದೇ ಅದು. ಸಿಂಚನಜ್ಜಿ ಮುದುಕಿಯಾದ ಮೇಲೆ ಬಾಗಿಲಿಗೆ ಬಂದವರನ್ನೆಲ್ಲ, ಕರೆಂಟ್ ರಿಪೇರಿಯವನನ್ನೂ, ಅದನ್ನೇ ಕೇಳುತ್ತಿದ್ದಳೆಂದು ಹೇಳಿ ಮನೆಯವರೆಲ್ಲ ನಗುತ್ತಾರೆ. ಈಗ ಆ ಪ್ರಶ್ನೆ ಕೇಳುವುದು ಅಸಭ್ಯತೆ. ದಾರ ಹಳದಿಯಿಲ್ಲ ಅಂದ ಮೇಲೆ ಊಟ ಆಗಿದೆ, ಕಣ್ಣಿಲ್ಲವೇನು ನಿನಗೆ ಎಂದು ಬೈಯುತ್ತಾರೆ. "ಯಾಕೆ" ಎಂದು ಕೇಳುವುದಂತೂ ಬಾಗಿಲು ಬಡಿಯದೆ ಬಚ್ಚಲಿಗೆ ನುಗ್ಗಿದಷ್ಟು ತಪ್ಪು.

ನನ್ನ ಮದುವೆಯ ದಿನ ಆದದ್ದನ್ನು ಕೇಳಿ. ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಹೊಸಿಲು ದಾಟಬೇಕಿತ್ತು. ಕಾಲೆತ್ತಿದ್ದೇನೆ, ಅಷ್ಟರಲ್ಲಿ ನನ್ನ ದಾರ ಬೂದಿಯಾಯಿತು. ವಾಲಗದವರು ನುಡಿಸುವುದನ್ನು ನಿಲ್ಲಿಸಿದರು. ಗಂಡಿನ ಕಡೆಯ ಹೆಂಗಸೊಬ್ಬರು "ಹುಡುಗಿಗೆ ಮನಸಿಲ್ಲ ನೋಡ್ರಿ, ಇಂಗ್ಲಿಷ್ ಶಾಲಿ ಹುಡುಗಿ, ಯಾರನ್ನರ ನೋಡಿಕೊಂಡಿರಬೇಕು" ಎಂದರು. ನನ್ನ ಅಮ್ಮ ಅಳತೊಡಗಿದಳು. ಗುರುಪಾದನ ಮುಖ ಸುಣ್ಣದ ಹಾಗೆ ಬಿಳಿಚಿತು. ನನ್ನನ್ನು ಒಳಗೆ ಕರೆಯಬೇಕೋ, ತಿರುಗಿ ಹುಬ್ಬಳ್ಳಿಗೆ ಕಳಿಸಬೇಕೋ ಎಂದು ಹಿರಿಯರು ಗುಂಪು ಕೂಡಿದರು. ನಾನು ಒಂಟಿಕಾಲಿನಲ್ಲಿ ನಿಂತಿದ್ದೇನೆ! ಅಷ್ಟು ಜನ ನನ್ನ ಕೈ ನೋಡಿದರು, ಮುಖ ನೋಡಿದವರು ಒಬ್ಬರೂ ಇಲ್ಲ. ಆಗ ಗುರುಪಾದನ ತಂಗಿ ನೀಲವ್ವ, ಹದಿನಾರು ವರ್ಷದವಳು, ಎಲ್ಲರ ನಡುವೆ ನುಗ್ಗಿ ಬಂದು ನನ್ನ ಕಿವಿಯ ಹತ್ತಿರ ಕೇಳಿದಳು.

"ವೈನಿ, ಯಾಕ ಅಂಜೀರಿ?"

"ನಮ್ಮ ಬೆಕ್ಕನ್ನ ಮಾಳಿಗಿ ಕೋಣ್ಯಾಗ ಬಿಟ್ಟು ಕೀಲಿ ಹಾಕಿ ಬಂದೇನಿ. ಈಗ ನೆನಪಾತು. ನೀರೂ ಇಟ್ಟಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ಹುಬ್ಬಳ್ಳಿಗೆ ಫೋನ್ ಹೋಯಿತು, ಪಕ್ಕದ ಮನೆಯವರು ಕೀಲಿ ಒಡೆದರು, ಬೆಕ್ಕು ಹೊರಗೆ ಬಂತು, ನನ್ನ ದಾರ ಕೇಸರಿಯಾಯಿತು, ವಾಲಗ ಶುರುವಾಯಿತು. ನನ್ನ ಸಂಸಾರ ಉಳಿದದ್ದು ಒಂದು "ಯಾಕ" ಎಂಬ ಮಾತಿನಿಂದ, ಅಜ್ಜಿ. ಅದನ್ನು ಕೇಳಿದ್ದಕ್ಕೆ ನೀಲವ್ವನಿಗೆ ಆಮೇಲೆ ಒಳಗೆ ಕರೆದು ಬೈದರಂತೆ! ಮಂದಿಯ ಮುಂದೆ ಹೊಸ ಸೊಸೆಗೆ ಹಾಗೆಲ್ಲ ಕೇಳಬಾರದಂತೆ!

ಈಗ ಆ ನೀಲವ್ವನದೇ ಪ್ರಶ್ನೆ. ಅವಳು ಹೈಸ್ಕೂಲಿನ ಮೇಲಿನ ತರಗತಿಗೆ ಬಂದಿದ್ದಾಳೆ, ಒಂದು ಹಿರಿಪಾಠ ಆರಿಸಿಕೊಳ್ಳಬೇಕು. ಅವಳಿಗೆ ಬೇಕಾದದ್ದು ಹಿರಿಮನಪಾಠ. ನಿಮ್ಮ ಕಾಲದ ಮಾತಿನಲ್ಲಿ ಅಡ್ವಾನ್ಸ್ಡ್ ಸೈಕಾಲಜಿ ಎಂದು ತಿಳಿಯಿರಿ. ಪಾಠ ಆರಿಸುವ ರೀತಿಯೋ, ಕೇಳಿದರೆ ನಿಮ್ಮ ಮೈ ಉರಿಯುತ್ತದೆ. ಅದಕ್ಕೆ ಕೈಯಿಡುವ ದಿನ ಎನ್ನುತ್ತಾರೆ. ಮೇಜಿನ ಮೇಲೆ ಎಲ್ಲ ವಿಷಯಗಳ ಪುಸ್ತಕಗಳನ್ನು ಸಾಲಾಗಿ ಜೋಡಿಸುತ್ತಾರೆ. ಮಕ್ಕಳು ಒಂದೊಂದರ ಮೇಲೂ ಅಂಗೈ ಇಡಬೇಕು. ದಾರ ಯಾವುದಕ್ಕೆ ಕೇಸರಿಯಾಯಿತೋ ಅದು ಆ ಮಗುವಿನ ವಿಷಯ. ಬೂದಿಯಾದರೆ ಮುಗಿಯಿತು, ಆ ವಿಷಯ ಆ ಮಗುವಿಗೆ ಆಗಿಬರುವುದಿಲ್ಲ. ನೀಲವ್ವ ಲೆಕ್ಕಶಾಸ್ತ್ರದ ಮೇಲೆ ಕೈಯಿಟ್ಟಾಗ ದಾರಕ್ಕೆ ಒಂದಿಷ್ಟು ಕೇಸರಿ ಬಂತಂತೆ. ಲೆಕ್ಕದ ಮೇಷ್ಟ್ರು ಅವಳ ಗೆಳತಿಯ ಅಪ್ಪ, ಆಗಷ್ಟೇ ಪೆಪ್ಪರಮೆಂಟ್ ಕೊಟ್ಟಿದ್ದರು. ಹಿರಿಮನಪಾಠದ ಪುಸ್ತಕದ ಮೇಲೆ ಕೈಯಿಟ್ಟಾಗ ದಾರ ಒಲೆಯ ಬೂದಿಯಂತಾಯಿತು. "ಮನಪಾಠ ಸಲ್ಲದು" ಎಂದು ಹೇಳಿ ಕಳಿಸಿಬಿಟ್ಟರು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ದಾರವೇ ಬೇಡ ಅಂದಿತಲ್ಲ, ಇನ್ನು ನಾವು ಬೇಡ ಅನ್ನುವುದೇನಿದೆ!

ನಾನು ಓದಿದ ಶಾಲೆಯಲ್ಲಿ ಕೈಯಿಡುವ ದಿನ ಇರಲಿಲ್ಲ. ನಾನು ಆ ಪಾಠ ತೆಗೆದುಕೊಂಡದ್ದು ದೊಡ್ಡ ಆಸೆಯಿಂದೇನಲ್ಲ, ಗೆಳತಿಯರಿಬ್ಬರು ತೆಗೆದುಕೊಂಡರೆಂದು. ಆದರೆ ಮೊದಲ ವಾರದ ಪಾಠವನ್ನು ಇವತ್ತಿಗೂ ಮರೆತಿಲ್ಲ. ನಮ್ಮನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರ ದಾರ ನೋಡಿ ಅವರಿಗೆ ಏನಾಗಿದೆ ಎಂದು ಊಹಿಸಲು ಹೇಳಿದರು. ಆಮೇಲೆ ಹೋಗಿ ಅವರನ್ನೇ ಕೇಳಬೇಕು. ಕೆಂಪು ದಾರದ ಮುದುಕನಿಗೆ ಹೆಂಡತಿಯ ಜೊತೆ ಜಗಳವಾಗಿರಬೇಕೆಂದು ನಾನು ಊಹಿಸಿದೆ. ಅವನು ಐದು ನಿಮಿಷ ಬೈದು ಕೊನೆಗೆ ಹೇಳಿದ್ದು, ಚೆಸ್ಸಿನಲ್ಲಿ ಮೊಮ್ಮಗಳು ಬೇಕೆಂದೇ ಸೋತು ತನ್ನನ್ನು ಗೆಲ್ಲಿಸಿದಳೆಂದು! ಆ ವರ್ಷ ನಾವು ಕಲಿತದ್ದು ಮುಖ್ಯವಾಗಿ ನಾವೆಷ್ಟು ತಪ್ಪು ಎನ್ನುವುದನ್ನೇ. ಮೆದುಳಿನ ಭಾಗಗಳು, ನೆನಪು ಹೇಗೆ ಮೋಸ ಮಾಡುತ್ತದೆ, ಗುಂಪಿನಲ್ಲಿ ಜನ ಯಾಕೆ ಬದಲಾಗುತ್ತಾರೆ, ಅದೆಲ್ಲ ಆಮೇಲೆ ಬಂತು. ಕಷ್ಟದ ಪಾಠ, ಸುಳ್ಳು ಹೇಳುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ನನಗೆ ಹೊಟ್ಟೆನೋವೇ ಬಂದಿತ್ತು. ಆದರೆ ಇಂಥ ಪಾಠ ಬೇಕೋ ಬೇಡವೋ ಎಂದು ತೀರ್ಮಾನ ಮಾಡುವ ಅಧಿಕಾರವನ್ನು ಒಂದು ನೂಲಿನ ಎಳೆಗೆ ಕೊಡುವುದೇ? ಅದೂ ಯಾಕೆ ಬೂದಿಯಾಯಿತೆಂದು ಹುಡುಗಿಯನ್ನು ಒಂದು ಮಾತು ಕೇಳದೆ?

ನಾನು ಕೇಳಿದೆ. ಮೊನ್ನೆ ಇಬ್ಬರೂ ನೆಲಮನೆಯ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು.

"ನೀಲಾ, ಯಾಕ ಅಂಜಿದಿ?"

ಅವಳು ಕೈಯಲ್ಲಿದ್ದ ಕಾಯಿ ಒಡೆದು ಬುಟ್ಟಿಗೆ ಹಾಕಿ ಹೇಳಿದಳು. "ಪಾಠ ಕಠಿಣ ಐತಿ ಅಂತ ಅಲ್ರೀ ವೈನಿ. ಅವ್ವನ ದಾರ ದಿನಾ ಮಧ್ಯಾಹ್ನ ಕಪ್ಪಾಗತೈತಿ, ನೀವೂ ನೋಡೀರಿ. ಮನ್ಯಾಗ ಎಲ್ಲಾರೂ ನೋಡ್ಯಾರ. ಆ ಪಾಠ ಕಲಿತೆ ಅಂದ್ರ ಅವ್ವನ್ನ ಕೇಳಲೇಬೇಕಾಗತೈತಿ. ಅವ್ವ ಏನರ ದೊಡ್ಡದು ಹೇಳಿದ್ಲಂದ್ರ? ನನ್ನ ಸಲುವಾಗೇ ಅಂತ ಹೇಳಿದ್ಲಂದ್ರ?"

ಅಜ್ಜಿ, ಇದು ಪಾಠ ಬೇಡವೆನ್ನುವ ಹೆದರಿಕೆಯೇ? ಬೇಕೇ ಬೇಕು ಎನ್ನುವವಳ ಹೆದರಿಕೆ ಇದು! ಹದಿನಾರರ ಹುಡುಗಿ ತಾಯಿಯ ದುಃಖವನ್ನು ಕೇಳಲು ಧೈರ್ಯ ಕೂಡಿಸುತ್ತಿದ್ದಾಳೆ, ಶಾಲೆಯವರು ಅದಕ್ಕೆ "ಸಲ್ಲದು" ಎಂದುಬಿಟ್ಟರು.

ಅತ್ತೆಯ ದಾರ ಮಧ್ಯಾಹ್ನ ಕಪ್ಪಾಗುವುದು ನಿಜ. ಅವರ ಹೆಸರು ಆದ್ಯಾ. ನಿಮ್ಮ ಕಾಲದ ಪುಟ್ಟ ಹುಡುಗಿಯರ ಹೆಸರೆಲ್ಲ ಈಗ ಹಿರಿಯ ಹೆಂಗಸರ ಹೆಸರು. ಮಧ್ಯಾಹ್ನ ಕುಗ್ಗಿದರೆ ಅದು ಪಿತ್ತ ಎಂದು ಈ ಊರಿನ ನಂಬಿಕೆ. ಹಾಗಾಗಿ ವರ್ಷಗಟ್ಟಲೆ ಅವರಿಗೆ ದಿನಾ ಒಂದು ಲೋಟ ನೆಲಬೇವಿನ ಕಷಾಯ ಕುಡಿಸುತ್ತಿದ್ದಾರೆ. ನನ್ನ ಪ್ರೀತಿಯ ಗುರುಪಾದನೇ ತಪ್ಪದೆ ಕುದಿಸಿಡುತ್ತಾನೆ! ಅವನಿಗೆ ನಾನು "ಅತ್ತೆಯನ್ನು ನೀ ಕೇಳು" ಎಂದೆ. "ಅವ್ವನ ಮುಂದ ನಾ ಒಲ್ಲೆಪಾ, ನೀ ಏನ್ ಬೇಕಾದ್ರೂ ಹೇಳು, ಗಾಳಿಯಂತ್ರ ಹತ್ತಂದ್ರ ಹತ್ತತೇನಿ, ಇದೊಂದು ಬ್ಯಾಡ" ಎಂದು ಕೈಮುಗಿದ. ಎಷ್ಟು ಮುದ್ದಾಗಿ ಕೈಮುಗಿದನೆಂದರೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧದ ಬಲದಿಂದ ನಿನ್ನೆ ಮಧ್ಯಾಹ್ನ ನಾನೇ ಅಡುಗೆಮನೆಗೆ ಹೋದೆ. ಅತ್ತೆ ತಟ್ಟೆಯ ಮುಂದೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕಷಾಯ.

"ಅತ್ತಿ, ನಿಮ್ಮ ದಾರ ಈ ಹೊತ್ತಿಗೆ ಯಾಕ ಕಪ್ಪಾಗತೈತ್ರಿ?"

ಅವರ ಕೈಯಲ್ಲಿದ್ದ ರೊಟ್ಟಿಯ ತುತ್ತು ಹಾಗೇ ನಿಂತಿತು. "ನಿಮ್ಮ ಇಂಗ್ಲಿಷ್ ಶಾಲ್ಯಾಗ ಇದನ್ನ ಕಲಿಸ್ಯಾರೇನು, ಉಣ್ಣಾಕ ಕುಂತಾಕಿನ್ನ ಹಿಂಗ ಬೆತ್ತಲ ಮಾಡೂದು?"

ನಾನು ಹೋಗಲಿಲ್ಲ. ಕೂತೆ. ಅವರು ಗೋಡೆಯ ಕಡೆ ತಿರುಗಿ ಹೇಳಿದರು. "ಒಬ್ಬಾಕಿನ ಉಣ್ಣಾಕ ಬ್ಯಾಸರ. ಇಷ್ಟ ಮತ್ತ. ಎಲ್ಲಾರ್ದೂ ಬ್ಯಾರೆ ಬ್ಯಾರೆ ಹೊತ್ತಿಗೆ ಹಳದಿ ಆಗತೈತಿ, ಬಂದು ಹಾಕ್ಕೊಂಡು ಉಂಡು ಹೋಗತಾರ. ನನ್ನ ತವರಾಗ ಹನ್ನೊಂದು ಮಂದಿ ಒಂದ ಪಂಕ್ತಿಗೆ ಕುಂಡರತಿದ್ವಿ."

ಪಿತ್ತವಂತೆ, ಪಿತ್ತ! ಜೊತೆಗೆ ಕೂತು ಒಂದು ರೊಟ್ಟಿ ತಿಂದಿದ್ದರೆ ಸಾಕಾಗಿದ್ದ ಹೆಂಗಸಿಗೆ ಇಷ್ಟು ವರ್ಷ ಕಹಿ ಕುಡಿಸಿದ್ದಾರೆ! ದಾರ ಸುಳ್ಳು ಹೇಳಲಿಲ್ಲ, ಅಜ್ಜಿ. ಅದು ಹೇಳಿದ್ದು ಕಪ್ಪು ಎಂದಷ್ಟೇ. ಉಳಿದದ್ದನ್ನು ನಾವು ನಮಗೆ ತಿಳಿದ ಹಾಗೆ ತುಂಬಿಕೊಂಡೆವು. ನಾನು ತಟ್ಟೆ ತಂದು ಎದುರಿಗೆ ಕೂತು ಉಂಡೆ, ನನಗೆ ಹಸಿವೇ ಇರಲಿಲ್ಲ. ಕಷಾಯವನ್ನು ಬಚ್ಚಲಿಗೆ ಚೆಲ್ಲಿದೆ. ಅತ್ತೆ ಖಾಲಿ ಲೋಟ ಇಸಿದುಕೊಂಡು ತೊಳೆದಿಟ್ಟರು.

ಇಷ್ಟಾದ ಮೇಲೆ ನೀಲವ್ವನ ಪಾಠಕ್ಕೆ ಒಪ್ಪುತ್ತಾರೆ ಎಂದು ನಾನು ಕುಣಿದಾಡುತ್ತ ಕೇಳಿದೆ. ಅವರು ಹೇಳಿದ್ದು ಇಷ್ಟು: "ನೀ ಕೇಳಿದ್ದು ಛಲೋ ಆತು. ಆದ್ರ ನನ್ನ ಮಗಳು ಮಂದಿ ಮನೀ ಬಾಗಿಲಕ್ಕ ಹೋಗಿ ಯಾಕ, ಯಾಕ ಅಂತ ಕೇಳಿ ಬೈಸಿಕೊಳ್ಳೂದು ಬ್ಯಾಡ. ಅಕಿ ನಾಳೆ ಒಂದು ಮನಿಗೆ ಹೋಗಾಕಿ." ತನಗೆ ಕೇಳುವವರು ಬೇಕು, ಕೇಳುವವಳು ತನ್ನ ಮಗಳಾಗುವುದು ಬೇಡ! ನನಗೆ ಅಳು ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಒಂದೇ ಒಂದು ದಾರಿಯಿದೆ. ಶಾಲೆಯ ನಿಯಮದಲ್ಲಿ ಎದುರುಮಾತು ಎಂದು ಇದೆ. ಶಾಲೆ ತೆರೆಯುವ ದಿನ ಮನೆಯ ಹಿರಿಯರೊಬ್ಬರು ಮಗುವಿನ ಪಕ್ಕ ನಿಂತು "ದಾರ ಹೇಳಿದ್ದಕ್ಕೆ ನಮ್ಮ ಒಪ್ಪಿಗೆಯಿಲ್ಲ" ಎಂದರೆ ಆ ಪಾಠ ಕೊಡಲೇಬೇಕು. ಯಾರೂ ಹಾಗೆ ಹೇಳುವುದಿಲ್ಲ, ಆದರೆ ನಿಯಮ ಇದೆ. ಕಾವುತಿಂಗಳು ಇವತ್ತಿಗೆ ಮುಗಿದು, ಶಾಲೆ ತೆರೆಯುವುದು ನಾಳೆ. ಗುರುಪಾದ ಅವ್ವನಿಗೆ ಎದುರು ನಿಲ್ಲುವವನಲ್ಲ. ಅಣ್ಣನ ಹೆಂಡತಿ ಹಿರಿಯಳೇ, ಆದರೆ ಅವಳು ಮನೆಯವಳಾಗಿರಬೇಕು. ನಾನಿನ್ನೂ ಆಗಿಲ್ಲ. ಈ ಓಲೆಯ ಕುಡಿಕೆಗೆ ಅತ್ತೆ ಅರಗು ಹಾಕಿದರೆ ಆಗುತ್ತೇನೆ. ಅದಕ್ಕೇ ಇದನ್ನು ಇವತ್ತೇ ಬರೆಯುತ್ತಿದ್ದೇನೆ. ಹಾಕುವ ಮುಂಚೆ ಅವರು ಇದನ್ನು ಓದುತ್ತಾರೆ. ಜೋಳ ಚೆನ್ನಾಗಿದೆ ಎಂದು ಬರೆದು ಅರಗು ಹಾಕಿಸಿಕೊಂಡು, ನಾಳೆ ಅವರ ಬೆನ್ನ ಹಿಂದೆ ಶಾಲೆಗೆ ಹೋಗಬಹುದಿತ್ತು. ಗುರುಪಾದ ಹಾಗೇ ಮಾಡು ಎಂದ. ನಾನು ಒಲ್ಲೆ ಎಂದೆ. ಅತ್ತೆಗೆ ನಾನೇನು ಮಾಡಲಿದ್ದೇನೆ ಎನ್ನುವುದು ಗೊತ್ತಿರಲಿ. ಯಾಕೆ ಎನ್ನುವುದೂ ಗೊತ್ತಿರಲಿ.

ಈಗ ನಿಮ್ಮ ವಿಷಯ. ನೀವೂ ಹದಿನಾರನೇ ವಯಸ್ಸಿನಲ್ಲಿ ಇದೇ ಪಾಠಕ್ಕಾಗಿ ಇಡೀ ಮನೆಯ ಜೊತೆ ಜಗಳವಾಡಿದಿರಿ ಎಂದು ಈ ಮನೆಯಲ್ಲೊಂದು ಮಾತಿದೆ. ಸೈಕಾಲಜಿ ಓದಿ ಹುಚ್ಚರ ಡಾಕ್ಟರಾಗುತ್ತೀಯಾ ಎಂದು ಚಿಕ್ಕಪ್ಪಂದಿರು ನಕ್ಕರಂತೆ, ಅಪ್ಪ ಸೈನ್ಸ್ ತಗೋ ಎಂದರಂತೆ, ನೀವು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಆಮೇಲೆ? ಒಬ್ಬರು ತೆಗೆದುಕೊಂಡಳು ಅನ್ನುತ್ತಾರೆ, ಒಬ್ಬರು ಬಿಟ್ಟಳು ಅನ್ನುತ್ತಾರೆ. ನಿಮ್ಮ ಅಂಕಗಳು ನೆನಪಿವೆ, ನಿಮ್ಮ ಮದುವೆಯ ಸೀರೆಯ ಬಣ್ಣ ನೆನಪಿದೆ, ನಿಮಗೆ ಏನು ಬೇಕಿತ್ತು ಎಂದು ಕೇಳಿ ನೆನಪಿಟ್ಟುಕೊಂಡವರು ಆರು ತಲೆಮಾರಿನಲ್ಲಿ ಒಬ್ಬರೂ ಇಲ್ಲ! ನನಗೆ ಎಷ್ಟು ಹೊಟ್ಟೆ ಉರಿಯುತ್ತದೆ ಗೊತ್ತೇ?

ಹಾಗಾಗಿ ನಾನು ನಿಮಗೆ ಆ ಪಾಠ ತೆಗೆದುಕೊಳ್ಳಿ ಎಂದು ಅಪ್ಪಣೆ ಮಾಡುವುದಿಲ್ಲ. ನಿಮಗೆ ಇಷ್ಟವಿಲ್ಲದಿದ್ದರೆ ಬಿಡಿ, ಲೆಕ್ಕ ಇಷ್ಟವಿದ್ದರೆ ಲೆಕ್ಕ ಮಾಡಿ. ಆದರೆ ಹೆದರಿಕೆಯಾಯಿತು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಹೆದರಿಕೆ ಬೇಡ ಎನ್ನುವುದಕ್ಕೂ ಬರುತ್ತದೆ, ಬಹಳ ಬೇಕು ಎನ್ನುವುದಕ್ಕೂ ಬರುತ್ತದೆ. ಯಾವುದೆಂದು ಯಾರಾದರೂ ನಿಮ್ಮನ್ನು ಕೂರಿಸಿ ಕೇಳಬೇಕು. ಯಾರೂ ಕೇಳದಿದ್ದರೆ, ನೂರೈವತ್ತು ವರ್ಷಗಳಾಚೆ ಶೇಂಗಾ ಸಿಪ್ಪೆಯ ರಾಶಿಯ ಪಕ್ಕ ಕೂತು ನಾನು ಕೇಳುತ್ತಿದ್ದೇನೆ. ಯಾಕ ಅಂಜೀರಿ, ಸಿಂಚನಜ್ಜಿ?

ಅತ್ತೆ ಅರಗು ಕಾಯಿಸಲು ಇಟ್ಟಿದ್ದಾರೆ. ಓಲೆ ಕೊಡುತ್ತೇನೆ.

ಮತ್ತೆ ಬರೆಯುತ್ತಿದ್ದೇನೆ. ಅತ್ತೆ ಓದಿದರು. ಮೊದಲಿನಿಂದ ಕೊನೆಯವರೆಗೆ ಓದಿ, ಕಷಾಯದ ಭಾಗವನ್ನು ಮತ್ತೊಮ್ಮೆ ಓದಿದರು. ಅರಗು ಆಗಲೇ ಕರಗಿ ಗುಳ್ಳೆ ಏಳುತ್ತಿತ್ತು. ನಾನು ಅವರ ದಾರ ನೋಡಲಿಲ್ಲ, ಮುಖವನ್ನೇ ನೋಡುತ್ತಿದ್ದೆ. ಅವರು ಕುಡಿಕೆಯನ್ನು ಪಕ್ಕಕ್ಕೆ ಸರಿಸಿದರು.

"ಉಂಡು ಮುಚ್ಚೂನು. ನೀಲವ್ವನ್ನೂ ಕರಿ, ನಿನ್ನ ಗಂಡನ್ನೂ ಕರಿ. ಹಸಿವಿರಲಿ ಬಿಡಲಿ, ಎಲ್ಲಾರೂ ಕುಂಡರ್ರಿ. ನಾಳೆ ಶಾಲಿಗೆ ನೀವಿಬ್ಬರೂ ಲಗೂ ಹೋಗಬೇಕಲ್ಲ."

ನಾನು ಅವರನ್ನು ತಬ್ಬಿಕೊಂಡೆ, ಅವರು ಬಿಡಿಸಿಕೊಂಡರು. ತಟ್ಟೆಗಳನ್ನು ಹಾಕುತ್ತ, ತಿರುಗಿ ನೋಡದೆ, ಓಲೆಯ ಕೊನೆಗೆ ತಮ್ಮದೊಂದು ಮಾತು ಸೇರಿಸು ಎಂದರು. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ಸಿಂಚನಜ್ಜಿ, ನಿಮ್ಮ ಊಟ ಆತೇನ್ರಿ?